ಬೀದಿಯ ಫೋಟೋದಲ್ಲಿ ಯಾರು ಉಳೀತಾರೆ, ಯಾರು ಮಾಯ ಆಗ್ತಾರೆ?

(ಇದು ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ನಿಂತಿದ್ದೀರಿ ಅಂದ್ಕೊಳ್ತೀನಿ. ಒಂದು ಸಣ್ಣ ಕೆಲಸ ಮಾಡಿ. ಫೋನಿನ ಗ್ಯಾಲರಿ ತೆಗೆದು, ನೀವು ದಿನಾ ಓಡಾಡೋ ರಸ್ತೆಯ ಫೋಟೋ ಒಂದಾದ್ರೂ ಇದೆಯಾ ನೋಡಿ. ಸೆಲ್ಫಿ ಹಿಂದೆ ಅರ್ಧ ಕಾಣೋ ರಸ್ತೆ ಅಲ್ಲ. ರಸ್ತೆಯದ್ದೇ ಫೋಟೋ.

ನನ್ನ ಹತ್ರ ಇರಲಿಲ್ಲ. ಬಿರಿಯಾನಿ, ನಂದಿ ಬೆಟ್ಟದ ಮಂಜು, ಕಾಲೇಜ್ ಡೇ ಎಲ್ಲಾ ಸೇರಿ ಸಾವಿರಾರು ಫೋಟೋ ಇದ್ದವು. ನಮ್ಮಪ್ಪನ ಇಸ್ತ್ರಿ ಬಂಡಿಯದು ಮಾತ್ರ ಒಂದೂ ಇರಲಿಲ್ಲ.

ನಮ್ಮಪ್ಪ ಬೆಂಗಳೂರಿನ ಒಂದು ಬಡಾವಣೆಯಲ್ಲಿ, ಹೊಂಗೆ ಮರದ ಕೆಳಗೆ 22 ವರ್ಷ ಬಟ್ಟೆ ಇಸ್ತ್ರಿ ಮಾಡಿದವರು. ನಾನು ಬಿಕಾಂ ಮುಗಿಸಿದ್ದು ಆ ಇದ್ದಿಲು ಪೆಟ್ಟಿಗೆಯ ದುಡ್ಡಿನಲ್ಲೇ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಮರ ಹೋಯ್ತು, ಬಂಡಿಯನ್ನೂ ಎತ್ತಿಸಿದರು. ಬೇರೆ ಜಾಗ ಕೊಡಿ ಅಂತ ಅರ್ಜಿ ಹಿಡ್ಕೊಂಡು ಕಚೇರಿಗೆ ಹೋದ್ವಿ. ಕೌಂಟರಿನಲ್ಲಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಅಲ್ಲಿದ್ರಿ ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ? ಹಳೇ ಫೋಟೋ ಗೀಟೋ?"

ಅಪ್ಪ ನನ್ನ ಮುಖ ನೋಡಿದರು. ನಾನು ಫೋನ್ ನೋಡ್ಕೊಂಡು ನಿಂತೆ.

22 ವರ್ಷ ಒಂದೇ ಜಾಗದಲ್ಲಿ ನಿಂತ ಮನುಷ್ಯ ಒಂದು ಫೋಟೋದಲ್ಲೂ ಇಲ್ಲ ಅಂದ್ರೆ ಹೇಗೆ? ಇದನ್ನೇ ತಲೆಯಲ್ಲಿಟ್ಕೊಂಡು, ಊರನ್ನ ಚಿತ್ರ ಮಾಡಿದವರ ಬಗ್ಗೆ ಓದೋಕೆ ಶುರು ಮಾಡಿದೆ. ಇವತ್ತು ಮೂವರ ಕಥೆ ಹೇಳ್ತೀನಿ. ಕೊನೆಗೆ ಮತ್ತೆ ಅಪ್ಪನ ಬಂಡಿಗೆ ಬರೋಣ.

1838: ಜನ ತುಂಬಿದ ಖಾಲಿ ರಸ್ತೆ

ಮೊದಲನೆಯವರು ಫ್ರಾನ್ಸಿನ ಲೂಯಿ ಡಾಗೆರ್. 1838ರಲ್ಲಿ ಪ್ಯಾರಿಸ್‌ನ ಒಂದು ಕಟ್ಟಡದ ಮೇಲಿನ ಕಿಟಕಿಯಿಂದ ಕೆಳಗಿನ ದೊಡ್ಡ ರಸ್ತೆಯ ಫೋಟೋ ತೆಗೆದರು. ರಸ್ತೆಯ ಹೆಸರು ಬುಲ್ವಾರ್ ದು ತಾಂಪ್ಲ್. ಸಾಲುಸಾಲು ನಾಟಕದ ಮಂದಿರಗಳಿದ್ದ ರಸ್ತೆ ಅದು. ಗಾಡಿ, ಕುದುರೆ, ಜನ, ಯಾವಾಗಲೂ ಗಿಜಿಗಿಜಿ. ನಮ್ಮ ಮೆಜೆಸ್ಟಿಕ್ಕಿನ ಥಿಯೇಟರ್ ರಸ್ತೆಗಳ ಹಳೇ ದಿನ ನೆನಪಿಸ್ಕೊಳ್ಳಿ.

ಆದ್ರೆ ಫೋಟೋ ನೋಡಿದ್ರೆ ರಸ್ತೆ ಖಾಲಿ. ಮರ ಇದೆ, ಮನೆ ಇದೆ, ದೀಪದ ಕಂಬ ಇದೆ. ಜನ ಇಲ್ಲ. ಬಂದ್ ದಿನ ತೆಗೆದ ಹಾಗಿದೆ.

ಯಾಕೆ ಹೀಗೆ? ಆಗ ಫಿಲ್ಮೂ ಇಲ್ಲ, ಸೆನ್ಸರೂ ಇಲ್ಲ. ತಾಮ್ರದ ತಗಡಿಗೆ ಬೆಳ್ಳಿಯ ಲೇಪ, ಅದಕ್ಕೆ ಅಯೋಡಿನ್ ಹೊಗೆ ಹಿಡಿಸಿ ಕ್ಯಾಮೆರಾ ಒಳಗೆ ಇಡ್ತಿದ್ದರು. ಬೆಳಕು ಆ ತಗಡಿನ ಮೇಲೆ ಕೆಲವು ನಿಮಿಷ ಬಿದ್ದರೆ ಮಾತ್ರ ಚಿತ್ರ ಮೂಡ್ತಿತ್ತು. ಮನೆ ಅಲ್ಲಾಡಲ್ಲ, ಮರ ಹೆಚ್ಚು ಅಲ್ಲಾಡಲ್ಲ. ಹಾಗಾಗಿ ಅವು ಸ್ಪಷ್ಟವಾಗಿ ಬಂದವು. ನಡೆದು ಹೋದವನು ಒಂದು ಕಡೆ ಎರಡು ಸೆಕೆಂಡ್ ಇದ್ದ, ಮುಂದೆ ಹೋದ. ಅವನ ಗುರುತು ಉಳಿಯೋಷ್ಟು ಹೊತ್ತು ತಗಡಿಗೆ ಸಿಗಲೇ ಇಲ್ಲ.

ಒಬ್ಬ ಮಾತ್ರ ಸಿಕ್ಕಿದ. ಚಿತ್ರದ ಎಡಗಡೆ ಕೆಳಗೆ ಜೂಮ್ ಮಾಡಿದ್ರೆ, ಒಂದು ಕಾಲು ಎತ್ತಿಟ್ಟು ನಿಂತ ಮನುಷ್ಯ ಕಾಣ್ತಾನೆ. ಬೂಟಿಗೆ ಪಾಲಿಶ್ ಹಾಕಿಸ್ಕೊಳ್ತಿದ್ದ. ಅಲ್ಲಾಡದೆ ನಿಂತಿದ್ದಕ್ಕೆ ಉಳಿದುಕೊಂಡ. ನಮಗೆ ತಿಳಿದ ಹಾಗೆ, ಮನುಷ್ಯ ಕಾಣೋ ಅತಿ ಹಳೆಯ ಫೋಟೋಗಳಲ್ಲಿ ಇದೇ ಮೊದಲು ಅಂತ ಹೇಳ್ತಾರೆ.

ಟೆಲಿಗ್ರಾಫ್‌ನ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಪ್ಯಾರಿಸ್‌ನಲ್ಲಿ ಡಾಗೆರ್ ಚಿತ್ರಗಳನ್ನ ನೋಡಿ ಊರಿಗೆ ಪತ್ರ ಬರೆದರು. ಈ ಮನುಷ್ಯನ ಬೂಟು, ಕಾಲು ಚೆನ್ನಾಗಿ ಬಂದಿವೆ, ಮೈ ಮತ್ತು ತಲೆ ಅಲ್ಲಾಡಿದ್ದರಿಂದ ಬಂದಿಲ್ಲ ಅನ್ನೋದು ಅದರ ಸಾರಾಂಶ.

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಪಾಲಿಶ್ ಹಾಕಿಸ್ಕೊಂಡವನ ಆಕಾರ ಗೊತ್ತಾಗುತ್ತೆ. ಪಾಲಿಶ್ ಹಾಕಿದವನು ಬರೀ ಒಂದು ಮಸುಕು ಗುಡ್ಡೆ. ಯಾಕಂದ್ರೆ ಅವನ ಕೈ ಕೆಲಸ ಮಾಡ್ತಿತ್ತು. ಸೇವೆ ತಗೊಂಡವನು ಚಿತ್ರದಲ್ಲಿ ಉಳಿದ, ಸೇವೆ ಮಾಡಿದವನು ಅರ್ಧ ಅಳಿಸಿಹೋದ. ಇದರಲ್ಲಿ ಡಾಗೆರ್ ತಪ್ಪೇನೂ ಇಲ್ಲ, ಆ ತಗಡು ಕೆಲಸ ಮಾಡ್ತಿದ್ದ ರೀತಿಯೇ ಹಾಗೆ. ಆದ್ರೆ ಯಾರು ಕಾಣಬೇಕು, ಯಾರು ಕಾಣಬಾರದು ಅನ್ನೋದನ್ನ ಕೆಲವು ಸಲ ಉಪಕರಣವೇ ತೀರ್ಮಾನ ಮಾಡಿಬಿಡುತ್ತೆ ಅನ್ನೋದು ಇಲ್ಲಿಂದ ಗೊತ್ತಾಗುತ್ತೆ.

ಇದು ಹಳೇ ಕಥೆ ಅಂತ ಬಿಡಬೇಡಿ. ಇವತ್ತು ರಾತ್ರಿ ಫೋನನ್ನ ಟೆರೇಸಿನ ಗೋಡೆ ಮೇಲೆ ಅಲ್ಲಾಡದ ಹಾಗೆ ಇಟ್ಟು, ನೈಟ್ ಮೋಡ್‌ನಲ್ಲಿ ರಸ್ತೆಯ ಫೋಟೋ ತೆಗೀರಿ. ಫೋನ್ ಕೆಲವು ಸೆಕೆಂಡ್‌ಗಳಲ್ಲಿ ಹಲವು ಫೋಟೋ ತೆಗೆದು ಒಂದು ಮಾಡುತ್ತೆ. ಅಂಗಡಿ ಬೋರ್ಡ್ ಸ್ಪಷ್ಟ ಬರುತ್ತೆ. ನಡೆಯೋ ಜನ ಮಸುಕಾಗ್ತಾರೆ, ಕೆಲವು ಸಲ ಅರ್ಧ ಮಾಯ. 1838ರ ಆ ತಗಡಿನ ಗುಣ ನಿಮ್ಮ ಜೇಬಿನಲ್ಲೂ ಇದೆ.

ರಸ್ತೆಯೇ ಹೋದ ಮೇಲೆ

ಡಾಗೆರ್ ಫೋಟೋ ತೆಗೆದ ಆ ರಸ್ತೆ ಏನಾಯ್ತು ಗೊತ್ತಾ? 1862ರ ಹೊತ್ತಿಗೆ ಅದರ ಬಹುಪಾಲು ನೆಲಸಮ. ಪ್ಯಾರಿಸ್‌ನಲ್ಲಿ ಆಗ ಓಸ್ಮಾನ್ ಅನ್ನೋ ಅಧಿಕಾರಿಯ ಕಾಲ. ಹಳೇ ಓಣಿಗಳನ್ನ ಒಡೆದು ಅಗಲವಾದ, ನೇರವಾದ ರಸ್ತೆಗಳನ್ನ ಮಾಡಿಸಿದರು. ಇವತ್ತು ನಾವು 'ಎಷ್ಟು ಚಂದ ಪ್ಯಾರಿಸ್' ಅಂತ ರೀಲ್ಸ್ ನೋಡ್ತೀವಲ್ಲ, ಅದರಲ್ಲಿ ಬಹಳಷ್ಟು ಆ ಒಡೆತದ ಮೇಲೆ ಎದ್ದದ್ದು.

ಇಲ್ಲಿ ಬರ್ತಾರೆ ಎರಡನೆಯವರು, ಯೂಜೀನ್ ಅಟ್ಜೆ. ಹುಟ್ಟಿದ್ದು 1857ರಲ್ಲಿ. ನಾಟಕದ ನಟನಾಗೋಕೆ ಹೋಗಿ ಕೈ ಹತ್ತಲಿಲ್ಲ. ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದರು. 1890ರ ದಶಕದ ಕೊನೆಯಿಂದ ಹಳೇ ಪ್ಯಾರಿಸ್‌ನಲ್ಲಿ ಉಳಿದಿದ್ದನ್ನೆಲ್ಲ ತೆಗೆಯೋಕೆ ಶುರು ಮಾಡಿದರು. ಬಾಗಿಲು, ಮೆಟ್ಟಿಲು, ಅಂಗಡಿಯ ಗಾಜು, ಒಳ ಅಂಗಳ, ಬಾವಿಕಟ್ಟೆಯಂಥ ಮೂಲೆಗಳು. ಬೀದಿಯಲ್ಲಿ ತಿರುಗಿ ಮಾರುವವರನ್ನೂ ಬಿಡಲಿಲ್ಲ. ಲ್ಯಾಂಪ್‌ಶೇಡ್ ಮಾರುವವನು, ಚಿಂದಿ ಆಯುವವನು, ಬೀದಿಯಲ್ಲಿ ವಾದ್ಯ ನುಡಿಸುವವನು, ಎಲ್ಲರೂ ಇದ್ದಾರೆ.

ಅವರ ಕ್ಯಾಮೆರಾ ಮರದ ದೊಡ್ಡ ಪೆಟ್ಟಿಗೆ. ಒಂದೊಂದು ಫೋಟೋಗೂ ಒಂದೊಂದು ಗಾಜಿನ ಹಲಗೆ. ಅಷ್ಟೂ ಭಾರ ಹೊತ್ಕೊಂಡು ಸುಮಾರು 30 ವರ್ಷ ಊರು ಸುತ್ತಿ, ಎಂಟು ಸಾವಿರಕ್ಕೂ ಹೆಚ್ಚು ಫೋಟೋ ತೆಗೆದರು. ತಮ್ಮನ್ನ ಕಲಾವಿದ ಅಂತ ಕರ್ಕೊಳ್ಳಲಿಲ್ಲ. ಚಿತ್ರಕಾರರಿಗೆ ನೋಡಿ ಬರೆಯೋಕೆ ಬೇಕಾದ ದಾಖಲೆಗಳು ಇಲ್ಲಿ ಸಿಗುತ್ತವೆ ಅನ್ನೋ ಅರ್ಥದ ಬೋರ್ಡ್ ಅವರ ಬಾಗಿಲಲ್ಲಿತ್ತು. ಮ್ಯೂಸಿಯಂ, ಲೈಬ್ರರಿಗಳೂ ಕೊಳ್ತಿದ್ದವು.

1926ರಲ್ಲಿ ಹೊಸ ಕಾಲದ ಕಲಾವಿದರ ಒಂದು ಪತ್ರಿಕೆ ಅವರ ಫೋಟೋವನ್ನ ಮುಖಪುಟಕ್ಕೆ ಹಾಕ್ತು. 1912ರಲ್ಲಿ ಸೂರ್ಯಗ್ರಹಣ ನೋಡೋಕೆ ಬೀದಿಯಲ್ಲಿ ಗುಂಪಾಗಿ ನಿಂತು ತಲೆ ಎತ್ತಿದ ಜನರ ಫೋಟೋ ಅದು. ಕಲಾವಿದ ಮ್ಯಾನ್ ರೇ ಹೇಳೋ ಪ್ರಕಾರ, ತಮ್ಮ ಹೆಸರು ಹಾಕಬೇಡಿ, ಇವು ಬರೀ ದಾಖಲೆಗಳು ಅಂದರಂತೆ ಅಟ್ಜೆ.

ದಾಖಲೆ. ಕಚೇರಿಯ ಕೌಂಟರಿನಲ್ಲಿ ನಾನು ಕೇಳಿಸ್ಕೊಂಡ ಪದವೂ ಅದೇ.

ಕಾಮರ್ಸ್ ಓದಿದವನು ನಾನು, ಲೆಕ್ಕ ನೋಡದೆ ಇರೋಕಾಗಲ್ಲ. 1920ರಲ್ಲಿ ಅಟ್ಜೆ ಸುಮಾರು 2,600 ನೆಗೆಟಿವ್‌ಗಳನ್ನ ಸರ್ಕಾರಕ್ಕೆ 10,000 ಫ್ರಾಂಕ್‌ಗೆ ಮಾರಿದರು. ಒಂದಕ್ಕೆ ನಾಲ್ಕು ಫ್ರಾಂಕ್‌ಗಿಂತ ಕಡಿಮೆ ಬೀಳುತ್ತೆ. ಇಡೀ ಹಳೇ ಊರಿನ ನೆನಪಿಗೆ ಕಟ್ಟಿದ ಬೆಲೆ ಅದು.

1927ರಲ್ಲಿ ಅವರು ತೀರಿಕೊಂಡರು. ಉಳಿದ ಸಂಗ್ರಹ ದಿಕ್ಕಾಪಾಲಾಗ್ತಿತ್ತೇನೋ. ಉಳಿಸಿದ್ದು ಬೆರೆನಿಸ್ ಅಬಾಟ್ ಅನ್ನೋ ಅಮೆರಿಕದ ಯುವ ಫೋಟೋಗ್ರಾಫರ್. 1928ರಲ್ಲಿ ಅವರು ಆ ಸಂಗ್ರಹ ಕೊಂಡುಕೊಂಡರು. ಅದನ್ನ ಅಮೆರಿಕಕ್ಕೆ ಸಾಗಿಸಿ ವರ್ಷಗಟ್ಟಲೆ ಕಾಪಾಡಿದರು. 1968ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನ ಪಡೀತು. ಅಷ್ಟೇ ಅಲ್ಲ, ಅಬಾಟ್ ತಾವೂ 1930ರ ದಶಕದಲ್ಲಿ ಬದಲಾಗ್ತಿದ್ದ ನ್ಯೂಯಾರ್ಕನ್ನ ಬೀದಿ ಬೀದಿ ತಿರುಗಿ ದಾಖಲು ಮಾಡಿದರು. 1939ರಲ್ಲಿ ಅದು 'ಚೇಂಜಿಂಗ್ ನ್ಯೂಯಾರ್ಕ್' ಅನ್ನೋ ಪುಸ್ತಕ ಆಯ್ತು.

ಅಟ್ಜೆಯಿಂದ ನಾನು ಕಲಿತಿದ್ದು ಇಷ್ಟು. ಚಂದ ಕಾಣೋದನ್ನ ಎಲ್ಲರೂ ತೆಗೀತಾರೆ. ನಾಳೆ ಇರಲ್ಲ ಅನ್ನಿಸಿದ್ದನ್ನ ಇವತ್ತೇ ಹೋಗಿ ತೆಗೆಯೋರು ಕಡಿಮೆ.

ಫೋಟೋಗೆ ಆಗದ್ದನ್ನ ಚಿತ್ರ ಮಾಡುತ್ತೆ

ಮೂರನೆಯವರು ನಮ್ಮ ಪಕ್ಕದ ರಾಜ್ಯದವರು, ನಮ್ಮ ಕಾಲದವರು. ಸುಧೀರ್ ಪಟವರ್ಧನ್. 1949ರಲ್ಲಿ ಪುಣೆಯಲ್ಲಿ ಹುಟ್ಟಿದವರು, ಓದಿದ್ದು ವೈದ್ಯಕೀಯ. 1975ರಿಂದ 2005ರವರೆಗೆ ಮುಂಬೈ ಪಕ್ಕದ ಠಾಣೆಯಲ್ಲಿ ರೇಡಿಯಾಲಜಿಸ್ಟ್. ಅಂದ್ರೆ ಎಕ್ಸ್-ರೇ ನೋಡಿ ಹೇಳೋ ಡಾಕ್ಟರ್. ಕಲಾಶಾಲೆಗೆ ಹೋದವರಲ್ಲ, ಚಿತ್ರ ಬರೆಯೋದನ್ನ ತಾವೇ ಕಲಿತರು. ಆಸ್ಪತ್ರೆ ಕೆಲಸದ ಜೊತೆಜೊತೆಗೇ ಮುಂಬೈನ ಲೋಕಲ್ ಟ್ರೈನ್, ಇರಾನಿ ಹೋಟೆಲ್, ಕಟ್ಟಡ ಕಟ್ಟೋ ಕೂಲಿಗಳು, ಗಿರಣಿ ಕಾರ್ಮಿಕರನ್ನ ಬರೆದರು.

ಅವರ 'ಲೋವರ್ ಪರೇಲ್' ಅನ್ನೋ ಚಿತ್ರ 2001ರದ್ದು. ಲೋವರ್ ಪರೇಲ್ ಬಟ್ಟೆ ಗಿರಣಿಗಳ ಜಾಗ. 1982ರಲ್ಲಿ ಮುಂಬೈಯ ಸುಮಾರು 2.5 ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಆ ನೆಲದಲ್ಲಿ ಮಾಲ್, ಆಫೀಸು, ಎತ್ತರದ ಅಪಾರ್ಟ್‌ಮೆಂಟ್ ಎದ್ದವು. ಕೆಲಸ ಹುಡುಕಿಕೊಂಡು ಮುಂಬೈಗೆ ಹೋದ ನಮ್ಮ ಕರ್ನಾಟಕದ ಮನೆಗಳಿಗೂ ಆ ಊರಿನ ಏರಿಳಿತ ಹೊಸದಲ್ಲ.

ಫೋಟೋ ಒಂದು ಜಾಗದಲ್ಲಿ ನಿಂತು ಒಂದು ಕ್ಷಣ ಹಿಡಿಯುತ್ತೆ. ಪಟವರ್ಧನ್ ಅಂಥ ಚಿತ್ರಕಾರರು ಬೇರೆ ಬೇರೆ ಕಡೆಯಿಂದ ನೋಡಿದ್ದನ್ನ ಒಂದೇ ಕ್ಯಾನ್ವಾಸಿಗೆ ತರ್ತಾರೆ. ಹಳೇದು, ಹೊಸದು, ನಡುವೆ ಸಿಕ್ಕ ಜನ, ಎಲ್ಲಾ ಒಟ್ಟಿಗೆ. ತಿಂಗಳುಗಟ್ಟಲೆ ಕೂತು ಬರೆಯುವ ಚಿತ್ರದಲ್ಲಿ ಯಾರೂ ಅಕಸ್ಮಾತ್ ಮಾಯ ಆಗಲ್ಲ. ಯಾರಿರಬೇಕು ಅನ್ನೋದನ್ನ ಚಿತ್ರಕಾರನೇ ನಿರ್ಧಾರ ಮಾಡ್ತಾನೆ. ಪಟವರ್ಧನ್ ದುಡಿಯೋ ಜನ ಇರಬೇಕು ಅಂತ ನಿರ್ಧಾರ ಮಾಡಿದರು. ಡಾಗೆರ್ ತಗಡಿನಲ್ಲಿ ಅಳಿಸಿಹೋದ ಆ ಪಾಲಿಶ್‌ನವನ ಜಾಗ ಇವರ ಕ್ಯಾನ್ವಾಸಿನಲ್ಲಿ ದೊಡ್ಡದು.

ಅಪ್ಪನ ಅಂಗಿ

ಈಗ ನಮ್ಮ ಬೀದಿಗೆ ಬರೋಣ.

2014ರಲ್ಲಿ ಬಂದ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಕನಿಷ್ಠ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡಿ, ವ್ಯಾಪಾರಿಗಳಿಗೆ ಪ್ರಮಾಣಪತ್ರ ಕೊಡಬೇಕು. ಬೀದಿಯಲ್ಲಿ ಜನರಿಗೆ ಸೇವೆ ಕೊಡುವವರೂ ಅದರ ವ್ಯಾಖ್ಯೆಯೊಳಗೆ ಬರ್ತಾರೆ. ಹಾಗಾದ್ರೆ ಅಪ್ಪನ ಹೆಸರು ಯಾಕಿಲ್ಲ? ನಮ್ಮ ಬೀದಿಗೆ ಸಮೀಕ್ಷೆಯವರು ಬಂದ ದಿನ ಅಪ್ಪ ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದರು. ಅವತ್ತು ಬಂಡಿಗೆ ಟಾರ್ಪಾಲ್ ಹೊದಿಸಿತ್ತು. ಸಮೀಕ್ಷೆಯೂ ಒಂದು ಫೋಟೋನೇ ಅಲ್ವಾ? ಅವತ್ತು ಅಲ್ಲಿ ನಿಂತವರು ಪಟ್ಟಿಗೆ ಬಂದರು, ನಿಲ್ಲದವರು ಬರಲಿಲ್ಲ.

ಫೋಟೋ ಹುಡುಕ್ತಾ ಹುಡುಕ್ತಾ ಕೊನೆಗೆ ಫೋನಿನ ಮ್ಯಾಪ್ ತೆಗೆದೆ. ಬೆಂಗಳೂರಿನ ರಸ್ತೆಗಳನ್ನ ಕಾರಿನ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಸ್ಟ್ರೀಟ್ ವ್ಯೂ 2022ರಿಂದ ನೋಡೋಕೆ ಸಿಗುತ್ತಲ್ಲ, ಅದರಲ್ಲಿ ನಮ್ಮ ರಸ್ತೆಯ ಮೇಲೆ ಬೆರಳು ಸವರ್ತಾ ಹೋದೆ. ಬೇಕರಿ. ಮೆಡಿಕಲ್ ಸ್ಟೋರ್. ಟ್ರಾನ್ಸ್‌ಫಾರ್ಮರ್. ಹೊಂಗೆ ಮರ. ಮರದ ಕೆಳಗೆ ಬಂಡಿ, ಅದರ ಮೇಲೆ ಬಟ್ಟೆಯ ಗಂಟು, ಹಿಂದೆ ಬಗ್ಗಿ ನಿಂತ ಒಬ್ಬ ಮನುಷ್ಯ. ಮುಖ ಮಾತ್ರ ಮಸುಕು. ಗುರುತು ಸಿಗಬಾರದು ಅಂತ ಅಲ್ಲಿ ಎಲ್ಲರ ಮುಖವನ್ನೂ ಮಸುಕು ಮಾಡ್ತಾರೆ, ಅದು ಸರಿಯಾದ ನಿಯಮವೇ. ಆದ್ರೆ ನನಗೆ ತಕ್ಷಣ ನೆನಪಾಗಿದ್ದು ಪ್ಯಾರಿಸ್‌ನ ಆ ತಲೆ ಇಲ್ಲದ, ಬೂಟು ಮಾತ್ರ ಇರೋ ಮನುಷ್ಯ.

ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. "ಅಂಗಿ ನಂದೇ ಕಣೋ" ಅಂದರು. ಆಮೇಲೆ, "ಮರ ಎಷ್ಟು ಚೆನ್ನಾಗಿ ಬಂದಿದೆ ನೋಡು."

ಅದರ ಪ್ರಿಂಟ್ ತೆಗೆಸಿ, ಪಕ್ಕದ ಮನೆಗಳ ಎಂಟು ಜನರ ಸಹಿ ಹಾಕಿಸಿ ಅರ್ಜಿ ಜೊತೆ ಕೊಟ್ಟಿದ್ದೀವಿ. ಸ್ವೀಕೃತಿ ಸಿಕ್ಕಿದೆ, ಜಾಗ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಅಪ್ಪ ನಮ್ಮ ಮನೆಯ ಗೇಟಿನ ಒಳಗೇ ಇಸ್ತ್ರಿ ಮಾಡ್ತಾರೆ. ಗಿರಾಕಿಗಳು ಅರ್ಧಕ್ಕೆ ಇಳಿದಿದ್ದಾರೆ.

ನೀವು ಮಾಡಬಹುದಾದ್ದು

ಭಾರದ ಕ್ಯಾಮೆರಾ ಬೇಡ. ಫೋನ್ ಸಾಕು. ನಾಲ್ಕು ವಿಷಯ ನೆನಪಿಡಿ.

ಒಂದು, ನಿಮ್ಮ ಬೀದಿಯ ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಮ್ಮೆ ಫೋಟೋ ತೆಗೀರಿ. ಒಂದು ಫೋಟೋ ಏನೂ ಹೇಳದಿರಬಹುದು, 24 ಫೋಟೋ ಸೇರಿದ್ರೆ ರಸ್ತೆ ಹೇಗೆ ಬದಲಾಯ್ತು ಅಂತ ಗೊತ್ತಾಗುತ್ತೆ.

ಎರಡು, ಲೊಕೇಶನ್ ಆನ್ ಇರಲಿ, ಮೂಲ ಫೈಲ್ ಬೇರೆ ಇಟ್ಕೊಳ್ಳಿ. ಮೆಸೇಜಿಂಗ್ ಆಪ್‌ನಲ್ಲಿ ಫೋಟೋ ಆಗಿ ಕಳಿಸಿದ್ರೆ ಸಾಮಾನ್ಯವಾಗಿ ತಾರೀಖು, ಜಾಗದ ಮಾಹಿತಿ ಅಳಿಸಿಹೋಗುತ್ತೆ.

ಮೂರು, ಜನರನ್ನ ಕೇಳಿ ತೆಗೀರಿ. "ಅಣ್ಣಾ, ಒಂದು ಫೋಟೋ ತೆಗೀಲಾ?" ಅಂದ್ರೆ ಸಾಕು. ಬೇಡ ಅಂದ್ರೆ ಬಿಡಿ. ಬೇಕು ಅಂದ್ರೆ ಅವರ ಫೋನಿಗೂ ಒಂದು ಕಳಿಸಿ. ನಾಳೆ ಅದು ಅವರಿಗೆ ಬೇಕಾಗಬಹುದು.

ನಾಲ್ಕು, ಫೋಟೋ ತೆಗೆದ ಮೇಲೆ ಒಂದು ಸಲ ನೋಡಿ. ಇದರಲ್ಲಿ ಯಾರಿಲ್ಲ? ಬೆಳಗ್ಗೆ ಆರಕ್ಕೆ ಗುಡಿಸೋರು? ಹೂವಿನ ಅಕ್ಕ? ಅವರು ಬರೋ ಹೊತ್ತಿಗೆ ಇನ್ನೊಮ್ಮೆ ಹೋಗಿ.

ಮೊನ್ನೆ ಸಂಜೆ ಗೇಟಿನ ಹತ್ರ ಅಪ್ಪನ ಫೋಟೋ ತೆಗೆದೆ. ಕತ್ತಲಾಗಿತ್ತು, ಫೋನ್ ತಾನೇ ನೈಟ್ ಮೋಡ್‌ಗೆ ಹೋಯ್ತು. ಅಪ್ಪನ ಮುಖ ಸ್ಪಷ್ಟ ಬಂತು, ಇಸ್ತ್ರಿ ಪೆಟ್ಟಿಗೆ ಹಿಡಿದ ಕೈ ಮಾತ್ರ ಮಸುಕು. "ಅಪ್ಪಾ, ಒಂದು ನಿಮಿಷ ಕೈ ನಿಲ್ಲಿಸು" ಅಂದೆ.

"ನಿಲ್ಲಿಸಿದ್ರೆ ಬಟ್ಟೆ ಸುಡುತ್ತೆ" ಅಂದರು.

ಕೈ ಮಸುಕಾಗಿರೋ ಆ ಫೋಟೋನೇ ಇಟ್ಕೊಂಡಿದ್ದೀನಿ. ತಾರೀಖು, ಜಾಗ ಎರಡೂ ಬರೆದಿದ್ದೀನಿ. ಈ ವಾರ ನಿಮ್ಮ ಬೀದಿಯದ್ದೂ ಒಂದು ತೆಗೀರಿ. ಮುಂದಿನ ವಾರ ಸಿಗೋಣ, ನಮಸ್ಕಾರ.