ಪೋಲಿಷ್ ನುಡಿಯಲ್ಲಿ ದೇಹ ಮತ್ತು ಆರೋಗ್ಯ: ಮೊದಲ ಪದಗಳು, ಮೊದಲ ವಾಕ್ಯಗಳು

ಇಂಡೋ-ಯುರೋಪಿಯನ್ ಭಾಷಾಕುಟುಂಬದ ಪಶ್ಚಿಮ ಸ್ಲಾವಿಕ್ ಕವಲಿಗೆ ಸೇರಿದ ಪೋಲಿಷ್ ಸುಮಾರು 4 ಕೋಟಿ ಜನರ ಮಾತೃಭಾಷೆ. ಓದಿಗಾಗಿ ಅಥವಾ ಕೆಲಸಕ್ಕಾಗಿ ಪೋಲೆಂಡಿಗೆ ಹೋಗುವ ಕನ್ನಡಿಗರಿಗೆ ಆ ಭಾಷೆ ತೀರಾ ಅಗತ್ಯವಾಗಿ ಬೇಕಾಗುವ ಸಂದರ್ಭಗಳಲ್ಲಿ ಅನಾರೋಗ್ಯ ಮುಖ್ಯವಾದುದು. ಆರಂಭಿಕ ಪಾಠಗಳು ಅಂಗಾಂಗಗಳ ಹೆಸರನ್ನು ಪಟ್ಟಿಯಾಗಿ ಕೊಡುವುದು ವಾಡಿಕೆಯಾದರೂ, ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ಬಹುತೇಕ ನಾಮಪದಗಳು ರೂಪ ಬದಲಿಸುವ ಈ ಭಾಷೆಯಲ್ಲಿ ಪಟ್ಟಿಗಿಂತ ನೋವನ್ನು ಹೇಳುವ ವಾಕ್ಯವೇ ಹೆಚ್ಚು ಕಲಿಸುತ್ತದೆ; ಆ ವಾಕ್ಯದ ಕಟ್ಟಡವಂತೂ ಕನ್ನಡಕ್ಕೆ ಇಂಗ್ಲಿಷಿಗಿಂತ ಹತ್ತಿರದಲ್ಲಿದೆ.

ಉಚ್ಚಾರಣೆ

ಪೋಲಿಷ್ ಬರಹ ರೋಮನ್ ಲಿಪಿಯದೇ. ಅದರ 32 ಅಕ್ಷರಗಳಲ್ಲಿ 9 ಅಕ್ಷರಗಳು ಗೆರೆ, ಚುಕ್ಕಿ ಅಥವಾ ಬಾಲವನ್ನು ಹೊತ್ತಿದ್ದು, ಒಂದೊಂದೂ ಬೇರೆ ಧ್ವನಿಯನ್ನು ಸೂಚಿಸುತ್ತದೆ. ಸ್ವರಗಳಲ್ಲಿ ಹ್ರಸ್ವ-ದೀರ್ಘಗಳ ಭೇದವಿಲ್ಲ. ಒತ್ತು ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಬಾಲ ಹೊತ್ತ ಎರಡು ಅಕ್ಷರಗಳು ಒ ಮತ್ತು ಎ ಸ್ವರಗಳ ಅನುನಾಸಿಕ ರೂಪಗಳಾಗಿದ್ದು, ಅವು ಮುಂದಿನ ವ್ಯಂಜನಕ್ಕೆ ತಕ್ಕಂತೆ ಬದಲಾಗುವ ರೀತಿ ಕನ್ನಡದ ಅನುಸ್ವಾರವನ್ನು ಬಲ್ಲವರಿಗೆ ಪರಿಚಿತವೇ: ಕೈ ಎಂಬರ್ಥದ 'ರೆಂಕಾ'ದಲ್ಲಿ ಙ, ಅದರ ಬಹುವಚನ 'ರೆಂತ್ಸೆ'ಯಲ್ಲಿ ನ, ಹಲ್ಲುಗಳು ಎಂಬರ್ಥದ 'ಜ಼ೆಂಬಿ'ಯಲ್ಲಿ ಮ ಕೇಳಿಸುತ್ತವೆ. ಪದದ ಕೊನೆಯ ಘೋಷ ವ್ಯಂಜನ ಅಘೋಷವಾಗುವುದರಿಂದ ಅದೇ ಹಲ್ಲಿನ ಏಕವಚನ 'ಜ಼ೊಂಪ್' ಎಂದು ಮುಗಿಯುತ್ತದೆ. ಕನ್ನಡಿಗರು ಎಚ್ಚರ ವಹಿಸಬೇಕಾದುದು ವಕಾರದಲ್ಲಿ. ತಲೆ ಎಂಬರ್ಥದ 'ಗ್ವೊವಾ'ದ ಮೊದಲ ವಕಾರವನ್ನು ತುಟಿಗಳನ್ನು ದುಂಡಾಗಿಸಿಯೂ ಎರಡನೆಯದನ್ನು ಕೆಳತುಟಿಗೆ ಹಲ್ಲು ತಾಗಿಸಿಯೂ ಉಚ್ಚರಿಸಬೇಕು, ಏಕೆಂದರೆ ಪೋಲಿಷಿನಲ್ಲಿ ಅವು ಬೇರೆ ಬೇರೆ ಅಕ್ಷರಗಳು.

ಅಂಗಗಳ ಹೆಸರು, ಲಿಂಗ ಮತ್ತು ವಚನ

ಕನ್ನಡದಲ್ಲಿ ಲಿಂಗವನ್ನು ಅರ್ಥವೇ ನಿರ್ಧರಿಸುವುದರಿಂದ ಅಂಗಗಳೆಲ್ಲವೂ ನಪುಂಸಕ. ಪೋಲಿಷಿನಲ್ಲಿ ಅದನ್ನು ಬಹುಮಟ್ಟಿಗೆ ಪದಾಂತ್ಯ ನಿರ್ಧರಿಸುತ್ತದೆ. ವ್ಯಂಜನದಲ್ಲಿ ಮುಗಿಯುವ 'ನೊಸ್' (ಮೂಗು), 'ಬ್ಝುಹ್' (ಹೊಟ್ಟೆ), 'ಪಾಲೆತ್ಸ್' (ಬೆರಳು) ಪುಲ್ಲಿಂಗ. ಆಕಾರಾಂತವಾದ 'ಗ್ವೊವಾ', 'ರೆಂಕಾ', 'ನೊಗಾ' (ಕಾಲು) ಸ್ತ್ರೀಲಿಂಗ. ಒ ಅಥವಾ ಎ ಕಾರದಲ್ಲಿ ಮುಗಿಯುವ 'ಒಕೊ' (ಕಣ್ಣು), 'ಉಹೊ' (ಕಿವಿ), 'ಗಾರ್ದ್ವೊ' (ಗಂಟಲು), 'ಕೊಲಾನೊ' (ಮೊಣಕಾಲು), 'ಸೆರ್ತ್ಸೆ' (ಹೃದಯ) ನಪುಂಸಕ. ರಕ್ತವನ್ನು ಹೇಳುವ 'ಕ್ರೆಫ಼್', ಎಲುಬನ್ನು ಹೇಳುವ 'ಕೊಶ್ಚ್' ವ್ಯಂಜನಾಂತವಾಗಿದ್ದರೂ ಸ್ತ್ರೀಲಿಂಗವಾಗಿರುವುದು ಈ ನಿಯಮಕ್ಕೆ ಅಪವಾದ.

ಪದಗಳ ಅರ್ಥವ್ಯಾಪ್ತಿ ಮಾತ್ರ ಕನ್ನಡಿಗರಿಗೆ ಸಲೀಸು. 'ರೆಂಕಾ' ಕನ್ನಡದ 'ಕೈ'ಯಂತೆ ಬೆರಳ ತುದಿಯಿಂದ ತೋಳಿನವರೆಗೂ ಸಲ್ಲುತ್ತದೆ. 'ಪಾಲೆತ್ಸ್' ಕೈಬೆರಳಿಗೂ ಕಾಲ್ಬೆರಳಿಗೂ ಒಂದೇ, ಕಾಲಿನದೆಂದು ಬಿಡಿಸಿ ಹೇಳಬೇಕಾದಾಗ 'ಪಾಲೆತ್ಸ್ ಉ ನೊಗಿ', ಅಂದರೆ ಕಾಲಿನ ಬೆರಳು, ಎನ್ನಲಾಗುತ್ತದೆ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ಎರಡೆರಡು ಪದಗಳನ್ನು ಹುಡುಕಿ ಗೊಂದಲಕ್ಕೊಳಗಾಗುವ ಸಾಧ್ಯತೆ ಇದೆ. ಇನ್ನು, ಕನ್ನಡಕ್ಕೆ ಸಂಸ್ಕೃತದಿಂದ ಬಂದಿರುವ ನಾಸಿಕ, ಅಕ್ಷಿ, ಭ್ರೂ ಎಂಬ ಪದಗಳು ಕ್ರಮವಾಗಿ 'ನೊಸ್', 'ಒಕೊ', ಹುಬ್ಬು ಎಂಬರ್ಥದ 'ಬ್ರೆಫ಼್' ಇವುಗಳಿಗೆ ಮೂಲದಲ್ಲಿ ಜ್ಞಾತಿಗಳಾಗಿರುವುದು ನೆನಪಿಗೆ ನೆರವಾಗಬಲ್ಲದು.

ಜೋಡಿಯಾಗಿರುವ ಅಂಗಗಳ ಬಹುವಚನ ವಿಶಿಷ್ಟವಾಗಿದೆ. ಸಂಸ್ಕೃತದಂತೆ ಹಳೆಯ ಪೋಲಿಷಿನಲ್ಲಿಯೂ ದ್ವಿವಚನವಿತ್ತು. ಅದು ಅಳಿದುಹೋದರೂ ಅದರ ರೂಪಗಳು 'ಒಚಿ' (ಕಣ್ಣುಗಳು), 'ಉಷಿ' (ಕಿವಿಗಳು), 'ರೆಂತ್ಸೆ' (ಕೈಗಳು) ಎಂಬ ಪದಗಳಲ್ಲಿ ಉಳಿದುಕೊಂಡು ಇಂದು ಬಹುವಚನವಾಗಿ ಬಳಕೆಯಲ್ಲಿವೆ. ಬೆನ್ನನ್ನು ಹೇಳುವ 'ಪ್ಲೆತ್ಸಿ', ಬಾಯಿಯನ್ನು ಹೇಳುವ 'ಉಸ್ತಾ' ಪದಗಳಿಗೆ ಏಕವಚನವೇ ಇಲ್ಲ.

ನೋವನ್ನು ಹೇಳುವ ವಾಕ್ಯ

'ಬೊಲಿ ಮ್ನ್ಯೆ ಗ್ವೊವಾ' ಎಂದರೆ ನನಗೆ ತಲೆ ನೋಯುತ್ತಿದೆ ಎಂದರ್ಥ. ಎರಡೂ ಭಾಷೆಗಳಲ್ಲಿ ಕರ್ತೃಪದ ತಲೆಯೇ. ನೋವನ್ನು ಅನುಭವಿಸುವವರು ಕರ್ತೃವಲ್ಲ. ವ್ಯತ್ಯಾಸವಿರುವುದು ವಿಭಕ್ತಿಯಲ್ಲಿ, ಕನ್ನಡ 'ನನಗೆ' ಎಂದು ಚತುರ್ಥಿಯನ್ನು ಬಳಸುವಲ್ಲಿ ಪೋಲಿಷ್ 'ಮ್ನ್ಯೆ' ಎಂದು ದ್ವಿತೀಯೆಯನ್ನು ಬಳಸುತ್ತದೆ. ತಲೆ ಕರ್ತೃವಾಗಿರುವುದರಿಂದಲೇ ಕ್ರಿಯಾಪದ ಅದರ ವಚನವನ್ನು ಅನುಸರಿಸಿ, ಕಣ್ಣುಗಳು ನೋಯುವಾಗ 'ಬೊಲೊಂ ಮ್ನ್ಯೆ ಒಚಿ' ಎಂದಾಗುತ್ತದೆ. ಬೆನ್ನು ಒಂದೇ ಆದರೂ ಪದ ಬಹುವಚನವಾದುದರಿಂದ 'ಬೊಲೊಂ ಮ್ನ್ಯೆ ಪ್ಲೆತ್ಸಿ' ಎನ್ನಬೇಕು. ಹೀಗೆ ಅಂಗದ ಹೆಸರನ್ನು 'ಬೊಲಿ' ಅಥವಾ 'ಬೊಲೊಂ' ಜೊತೆಗೆ ಕಲಿತವರಿಗೆ ವಚನದ ಪಾಠ ಪ್ರತ್ಯೇಕವಾಗಿ ಬೇಕಾಗುವುದಿಲ್ಲ.

ಶರೀರದ ಇತರ ಅನುಭವಗಳಲ್ಲಿ ಪೋಲಿಷ್ ಕೂಡ ಚತುರ್ಥಿಯನ್ನೇ ಆಶ್ರಯಿಸುತ್ತದೆ. 'ಮಿ' ಎಂದರೆ 'ನನಗೆ'. 'ಯೆಸ್ತ್ ಮಿ ಜಿಮ್ನೊ' ಎಂಬುದು ನನಗೆ ಚಳಿಯಾಗುತ್ತಿದೆ ಎಂಬುದಕ್ಕೂ, 'ಯೆಸ್ತ್ ಮಿ ನ್ಯೆದೊಬ್ಝೆ' ಎಂಬುದು ವಾಕರಿಕೆ ಬರುವಂತಾಗುತ್ತಿದೆ ಎಂಬುದಕ್ಕೂ, 'ಕ್ರೆಂಚಿ ಮಿ ಶೆ ವ್ ಗ್ವೊವ್ಯೆ' ಎಂಬುದು ತಲೆ ತಿರುಗುತ್ತಿದೆ ಎಂಬುದಕ್ಕೂ ಸಲ್ಲುತ್ತವೆ. ಕೊನೆಯ ವಾಕ್ಯದಲ್ಲಿ ತಲೆ ಸಪ್ತಮಿಯಲ್ಲಿದ್ದು, 'ಗ್ವೊವಾ' 'ಗ್ವೊವ್ಯೆ' ಆಗಿದೆ.

ಕಾಯಿಲೆಯ ಹೆಸರನ್ನು ಹೇಳುವಾಗ ಮಾತ್ರ ರೋಗಿ ಕರ್ತೃವಾಗಿ, 'ಹೊಂದಿದ್ದೇನೆ' ಎಂಬರ್ಥದ 'ಮಾಮ್' ಬರುತ್ತದೆ: 'ಮಾಮ್ ಕಾಷೆಲ್' (ಕೆಮ್ಮು), 'ಮಾಮ್ ಕಾತಾರ್' (ನೆಗಡಿ), 'ಮಾಮ್ ಗೊರೊಂಚ್ಕೆ' (ಜ್ವರ). ಜ್ವರದ ಮೂಲರೂಪ 'ಗೊರೊಂಚ್ಕಾ' ಸ್ತ್ರೀಲಿಂಗವಾದುದರಿಂದ ದ್ವಿತೀಯೆಯಲ್ಲಿ ಕೊನೆಯ ಸ್ವರ ಬದಲಾಗಿದೆ. ಹುಷಾರಿಲ್ಲ ಎನ್ನಲು ಗಂಡಸರು 'ಯೆಸ್ತೆಮ್ ಹೊರಿ' ಎಂದೂ ಹೆಂಗಸರು 'ಯೆಸ್ತೆಮ್ ಹೊರಾ' ಎಂದೂ ಹೇಳುತ್ತಾರೆ. ಪೆನ್ಸಿಲಿನ್ ಅಲರ್ಜಿ ಇರುವವರು 'ಯೆಸ್ತೆಮ್ ಉಚುಲೊನಿ ನಾ ಪೆನಿತ್ಸಿಲಿನೆ' (ಸ್ತ್ರೀಯರಾದರೆ 'ಉಚುಲೊನಾ') ಎಂಬ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಕೊಳ್ಳುವುದು ಒಳಿತು.

ವೈದ್ಯರ ಮುಂದೆ

ಪೋಲಿಷಿನ ಗೌರವ ಸಂಬೋಧನೆ ಪ್ರಥಮ ಪುರುಷದಲ್ಲಿ ನಡೆಯುತ್ತದೆ. ಗಂಡಸರಿಗೆ 'ಪಾನ್', ಹೆಂಗಸರಿಗೆ 'ಪಾನಿ'. ಆದ್ದರಿಂದ 'ಲೆಕಾಷ್', ಅಂದರೆ ವೈದ್ಯರು, ಎಲ್ಲಿ ನೋವು ಎಂದು ಕೇಳುವಾಗ ರೋಗಿಗೆ ತಕ್ಕಂತೆ 'ತ್ಸೊ ಪಾನಾ ಬೊಲಿ?' ಅಥವಾ 'ತ್ಸೊ ಪಾನ್ಯೊಂ ಬೊಲಿ?' ಎನ್ನುತ್ತಾರೆ. ಯಾವಾಗಿನಿಂದ ಎಂಬ 'ಒತ್ ಕ್ಯೆದಿ?' ಪ್ರಶ್ನೆಗೆ 'ಒತ್ ಫ಼್ಚೊರಾಯ್' (ನಿನ್ನೆಯಿಂದ) ಎಂಬಂತಹ ಉತ್ತರ ಸಾಕು. ದಯವಿಟ್ಟು ಎಂಬರ್ಥದ 'ಪ್ರೊಷೆ'ಯಿಂದ ಸೂಚನೆಗಳು ಆರಂಭವಾಗುತ್ತವೆ: 'ಪ್ರೊಷೆ ಒತ್‌ಫ಼ೊಝಿಚ್ ಉಸ್ತಾ' ಎಂದರೆ ಬಾಯಿ ತೆರೆಯಿರಿ, 'ಪ್ರೊಷೆ ಗ್ವೆಂಬೊಕೊ ಒದ್ದಿಹಾಚ್' ಎಂದರೆ ಆಳವಾಗಿ ಉಸಿರಾಡಿ. ರಕ್ತಪರೀಕ್ಷೆಗೆ 'ನಾ ಚ್ಚೊ' ಬರಬೇಕೆಂದರೆ ಬರಿಹೊಟ್ಟೆಯಲ್ಲಿ ಬರಬೇಕೆಂದು ತಿಳಿಯಬೇಕು.

ಪೋಲೆಂಡಿನ ಸಾರ್ವಜನಿಕ ಆರೋಗ್ಯ ವಿಮೆಯನ್ನು 2003ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಆರೋಗ್ಯ ನಿಧಿ ನಿರ್ವಹಿಸುತ್ತದೆ. ಸಾಮಾನ್ಯ ಕಾಯಿಲೆಗಳಿಗೆ 'ಪ್ಷಿಹೊದ್ನ್ಯಾ' ಎಂಬ ಹೊರರೋಗಿ ಚಿಕಿತ್ಸಾಲಯಕ್ಕೆ ಹೋಗಬೇಕು. ಹೆಚ್ಚಿನ ತಜ್ಞರನ್ನು ಈ ವ್ಯವಸ್ಥೆಯಲ್ಲಿ ಕಾಣಲು ಅಲ್ಲಿಂದ 'ಸ್ಕ್ಯೆರೊವಾನ್ಯೆ', ಅಂದರೆ ಶಿಫಾರಸು ಪತ್ರ, ಬೇಕು. ಆಸ್ಪತ್ರೆ 'ಷ್ಪಿತಾಲ್', ಔಷಧದ ಅಂಗಡಿ 'ಆಪ್ತೆಕಾ', ವೈದ್ಯರ ಚೀಟಿ 'ರೆತ್ಸೆಪ್ತಾ'. 2020ರ ಜನವರಿಯಿಂದ ಚೀಟಿ ಸಾಮಾನ್ಯವಾಗಿ ಡಿಜಿಟಲ್ ರೂಪದಲ್ಲಿದ್ದು, ಅದರ 4 ಅಂಕಿಗಳ ಸಂಕೇತವನ್ನೂ 'ಪೆಸೆಲ್' ಎಂಬ 11 ಅಂಕಿಗಳ ನಾಗರಿಕ ಸಂಖ್ಯೆಯನ್ನೂ ಹೇಳಿದರೆ ಔಷಧ ಸಿಗುತ್ತದೆ. ಹೀಗಾಗಿ ಅಂಗಗಳ ಹೆಸರಿನೊಂದಿಗೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳೂ ಆರೋಗ್ಯದ ಪಾಠಕ್ಕೆ ಸೇರಬೇಕು. ತುರ್ತು ಸಂದರ್ಭದಲ್ಲಿ 112ಕ್ಕೆ, ಆಂಬುಲೆನ್ಸಿಗಾಗಿ 999ಕ್ಕೆ ಕರೆ ಮಾಡಬಹುದು. ಆಗ ನೋವಿನ ಒಂದು ವಾಕ್ಯದ ಜೊತೆಗೆ ಇರುವ ಸ್ಥಳದ ವಿಳಾಸವನ್ನು ಸ್ಪಷ್ಟವಾಗಿ ಹೇಳಬಲ್ಲವರಿಗೆ ನೆರವು ತಲುಪುವುದು ಸುಲಭ.