ರಾಗಿ ಸರಿಯ ಬಟ್ಟಲಲ್ಲಿ ಇನ್ನೂ ಜಾಗವಿದೆ

ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಮನೆಯಲ್ಲಿ ಅಜ್ಜಿ ಡಬರಿಯ ಬಾಯಿಗೆ ಹಳೇ ಪಂಚೆಯ ತುಂಡು ಬಿಗಿದು, ಅದರ ಮೇಲೆ ರಾಗಿಹಿಟ್ಟು ಸುರಿದು ಅಂಗೈಯಲ್ಲಿ ಆಡಿಸುತ್ತಿದ್ದರು. ಜರಡಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. “ಗಂಟ್ಲಿಗೆ ಹಿಡ್ಕೋಬಾರ್ದು ಕಣವ್ವ, ಸಲೀಸಾಗಿ ಇಳೀಬೇಕು” ಎಂದರು. ಡಬರಿಯೊಳಗೆ ಇಳಿದ ಹಿಟ್ಟು ಬೆರಳಿಗೆ ವಿಭೂತಿಯಷ್ಟು ನುಣುಪು. ಏಳು ತಿಂಗಳ ಮೊಮ್ಮಗಳಿಗೆ ಅದು ವಾರದ ಸರಿ.

ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಮೊಳಕೆ ಬರಿಸುತ್ತಾರೆ. ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ಕೇರಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟೇ ಹುರಿದು ಬೀಸಿಸುತ್ತಾರೆ. ಈ ಮೊಳಕೆಯ ಮಹಿಮೆ ತಿಳಿದಾಗಿನಿಂದ ನನಗೆ ಅದರ ಮಾತು ಎಷ್ಟು ಆಡಿದರೂ ಸಾಲದು. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಹೆಚ್ಚಿ ಪಿಷ್ಟವನ್ನು ಒಡೆಯುತ್ತದೆ. ಮೊಳಕೆ ಬರಿಸದ ಹಿಟ್ಟು ಕುದಿಯುತ್ತಿದ್ದಂತೆ ಗಟ್ಟಿಯಾಗುತ್ತದೆ. ಕೂಸು ನುಂಗಲಿ ಎಂದು ನೀರು ಹೆಚ್ಚಿಸಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. ಮೊಳಕೆ ಹಿಟ್ಟನ್ನು ಧಾರಾಳವಾಗಿ ಹಾಕಿದರೂ ಸರಿ ತೆಳ್ಳಗೇ ಇರುತ್ತದೆ, ಒಂದೊಂದು ಚಮಚದಲ್ಲೂ ಹೆಚ್ಚು ಕಸುವು. ಗಟ್ಟಿ ಗಂಜಿಗೆ ಚಿಟಿಕೆ ಮೊಳಕೆ ಹಿಟ್ಟು ಕದಡಿದರೂ ಅದು ಸಡಿಲವಾಗುತ್ತದೆ. ಆದರೆ ಹುರಿಯುವಾಗ ಸೀದರೆ ಕಿಣ್ವವೂ ಹೋಯಿತು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳಾದ ಮಲ್ಲೇಶಿ, ದೇಶಿಕಾಚಾರ್ 1982ರಲ್ಲಿ ಮೊಳಕೆ ರಾಗಿಗೆ ಹೆಸರುಕಾಳು ಕೂಡಿಸಿ ರೂಪಿಸಿದ ಶಿಶು ಆಹಾರ ನಿಂತಿರುವುದು ಈ ಗುಣದ ಮೇಲೆಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಬೇರೆ. ಪಂಚೆಯ ಮೇಲುಳಿಯುವ ತೌಡಿನಲ್ಲಿ ಅದರ ಒಂದು ಪಾಲು ಹೋಗುತ್ತದೆ, ನಿಜ. ಎಳೆಯ ಕರುಳಿಗೆ ಒಗ್ಗದ ನಾರೂ ಹೋಗುತ್ತದೆ.

ಇಷ್ಟು ಹೊಗಳಿದ ಮೇಲೆಯೂ ಒಂದು ಮಾತು ಹೇಳಲೇಬೇಕು. ರಾಗಿ ಎಷ್ಟೇ ಒಳ್ಳೆಯದಾದರೂ ಧಾನ್ಯ ಒಂದೇ. ಆರರಿಂದ ಇಪ್ಪತ್ಮೂರು ತಿಂಗಳ ಮಗುವಿಗೆ ಎಂಟು ಬಗೆಯ ಆಹಾರದಲ್ಲಿ ದಿನಕ್ಕೆ ಐದಾದರೂ ಸಿಗಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಎ ವಿಟಮಿನ್ ಇರುವ ಹಣ್ಣು ಸೊಪ್ಪು, ಉಳಿದ ಹಣ್ಣು ತರಕಾರಿ. ಎದೆಹಾಲು, ಸರಿ, ಅದಕ್ಕೆ ಬೆರೆಸಿದ ಹಸುವಿನ ಹಾಲು ಎಲ್ಲ ಸೇರಿದರೂ ಮೂರೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಈ ವಯಸ್ಸಿನವರಲ್ಲಿ ಸಾಕಷ್ಟು ಆಹಾರ ಸಿಗುತ್ತಿದ್ದುದು ಶೇ 11.3ರಷ್ಟು ಮಕ್ಕಳಿಗೆ ಮಾತ್ರ.

ಆ ಮನೆಯ ಹಿತ್ತಲಲ್ಲಿ ನುಗ್ಗೆಮರವಿತ್ತು, ಪರಂಗಿ ಇತ್ತು, ಕೋಳಿಗಳಿದ್ದವು. ಆದರೆ ಸೊಪ್ಪು ಕೊಟ್ಟರೆ ಭೇದಿ, ಮೊಟ್ಟೆ ಉಷ್ಣ, ಬೇಳೆ ವಾಯು, ಮೊಸರು ಶೀತ ಎಂಬ ಮಾತಿನಲ್ಲಿ ಒಂದೊಂದೇ ಹಿಂದೆ ಸರಿಯುತ್ತದೆ. ಹತ್ತು ರೂಪಾಯಿಯ ಬಿಸ್ಕತ್ತಿಗೆ ಮಾತ್ರ ಇಂಥ ಯಾವ ಪಥ್ಯವೂ ಅಡ್ಡ ಬರುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಸಾರಿಗೆ ಖಾರ ಹಾಕುವ ಮುಂಚೆ ಬೆಂದ ಬೇಳೆ, ಎರಡು ಎಸಳು ನುಗ್ಗೆಸೊಪ್ಪು ತೆಗೆದು ಕಿವುಚಿದರೆ ಸಾಕು, ಬೇರೆ ಅಡುಗೆ ಬೇಕಿಲ್ಲ.

ಅಂಗನವಾಡಿಗಳನ್ನು ತಂದ ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮೊದಲು ಕಾಲಿಟ್ಟಿದ್ದು ಇದೇ ತಿ. ನರಸೀಪುರದಲ್ಲಿ. ಮೂರು ವರ್ಷ ದಾಟಿದವರು ಅಂಗನವಾಡಿಯಲ್ಲಿ ಕೂತು ಬಿಸಿಯೂಟ ಮಾಡುತ್ತಾರೆ. ಅದಕ್ಕಿಂತ ಚಿಕ್ಕವರ ಪಾಲು ಪೊಟ್ಟಣದಲ್ಲಿ ಮನೆಗೆ ಹೋಗುತ್ತದೆ. ಹೋದದ್ದು ಕೂಸಿನ ಬಟ್ಟಲಿಗೋ, ಎಲ್ಲರ ತಟ್ಟೆಗೋ ಎಂದು ನೋಡುವವರಿಲ್ಲ. ಪೊಟ್ಟಣ ಕೊಡುವ ದಿನ ಅಂಗನವಾಡಿ ಕಾರ್ಯಕರ್ತೆ ತಾಯಿಯ ಜೊತೆ ಅಜ್ಜಿಯನ್ನೂ ಕೂರಿಸಿಕೊಂಡು ಮಾತಾಡಲಿ. ಮೊಟ್ಟೆ ಯಾವಾಗ ಎಂದು ತೀರ್ಮಾನಿಸುವವರು ಅಜ್ಜಿಯರೇ.