ನಿಮಗಿದು ಗೊತ್ತೇ? ಬೇಸ್ ಗಿಟಾರಿಗೆ ಲೋಹ ಮೊದಲು, ಮರ ಆಮೇಲೆ

ಬೇಸ್ ಗಿಟಾರ್ ಮಾಡಿಸಬೇಕೆಂದು ಹೊರಟವರ ಮಾತೆಲ್ಲ ಮರದ ಸುತ್ತಲೇ. ಯಾವ ಮರ, ಎಷ್ಟು ಒಣಗಿದ್ದು, ಪಾಲಿಶ್ ಯಾವ ಬಣ್ಣದ್ದು. ಕಟ್ಟುವವರು ಮಾತ್ರ ಬೇರೆಯದನ್ನೇ ಕೇಳುತ್ತಾರೆ: ಬ್ರಿಜ್ ಬಂತೇ? ಬಿರಡೆ, ಪಿಕಪ್ ಕೈಯಲ್ಲಿವೆಯೇ? ಅವು ಮೇಜಿನ ಮೇಲೆ ಬಂದು ಕೂರುವ ತನಕ ಗರಗಸ ಮುಟ್ಟಬಾರದು.

ತಂತಿ ಸುತ್ತುವ ಬಿರಡೆಗಳ ತೂತಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ಕೆಲವಕ್ಕೆ 14 ಮಿ.ಮೀ. ಸಾಕು, ಹಳೇ ಶೈಲಿಯ ದಪ್ಪ ಬಿರಡೆಗಳು 17–18 ಮಿ.ಮೀ. ಕೇಳುತ್ತವೆ. ತೂತು ಹಿಗ್ಗಿಸುವುದು ಸುಲಭ. ಕುಗ್ಗಿಸಬೇಕಾದರೆ ಮರದ ಬೆಣೆ ಅಂಟಿಸಿ, ಒಣಗಲು ಬಿಟ್ಟು, ಮತ್ತೆ ಕೊರೆಯಬೇಕು. ನಾಲ್ಕೂ ಒಂದೇ ಸಾಲಿನಲ್ಲಿದ್ದರೆ ನಾಲ್ಕೂ ಒಂದೇ ಕೈಯವು. ಎರಡೆರಡು ಆಚೀಚೆ ಇದ್ದರೆ ಎಡದವು ಎರಡು, ಬಲದವು ಎರಡು. 1976ರಲ್ಲಿ ಬಂದ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸಿನಲ್ಲಿ ಮೂರು ಒಂದು ಕಡೆ, ಒಂದು ಇನ್ನೊಂದು ಕಡೆ. ಆರ್ಡರ್ ಕೊಡುವಾಗ ಇದನ್ನು ಬಿಡಿಸಿ ಬರೆಯಲೇಬೇಕು.

ಬಿರಡೆಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಬೇಸಿನ ಕುತ್ತಿಗೆ ಉದ್ದ. ಅದರ ತುದಿಯಲ್ಲಿ ಕೂತ ನೂರು ಗ್ರಾಂ ಹೆಗಲಿಗೆ ಸಿಕ್ಕಾಪಟ್ಟೆ ಭಾರ ಅನ್ನಿಸುತ್ತದೆ. ಕೈಬಿಟ್ಟ ತಕ್ಷಣ ಕೆಲವು ಬೇಸುಗಳ ತಲೆ ನೆಲ ನೋಡುವುದು ಇದಕ್ಕೇ. ಹಗುರ ಬಿರಡೆ ಹಾಕುವುದು ಒಂದು ಉಪಾಯ. ಒಡಲಿನ ಮೇಲಿನ ಕೊಂಬನ್ನು 12ನೇ ಫ್ರೆಟ್‌ನ ಹತ್ತಿರದವರೆಗೆ ಚಾಚಿ, ಹೆಗಲಿನ ಪಟ್ಟಿ ಸಿಕ್ಕಿಸುವ ಗುಂಡಿಯನ್ನು ಅಲ್ಲಿ ಕೂರಿಸುವುದು ಇನ್ನೊಂದು. ನ್ಯೂಯಾರ್ಕಿನ ನೆಡ್ ಸ್ಟೈನ್‌ಬರ್ಗರ್ ತಲೆಯನ್ನೇ ತೆಗೆದುಬಿಟ್ಟರು! 1980ರ ಹೊತ್ತಿಗೆ ಬಂದ ಅವರ ಎಲ್2 ಬೇಸಿನಲ್ಲಿ ಬಿರಡೆಗಳೆಲ್ಲ ಬ್ರಿಜ್ ಬದಿಗೆ ಬಂದವು, ಮರದ ಬದಲು ಇಂಗಾಲದ ನಾರು ಬಂತು. ಅವರು ಮೂಲತಃ ಪೀಠೋಪಕರಣ ವಿನ್ಯಾಸಕರು.

ಬೇಸ್ ಗಿಟಾರನ್ನು ಮನೆಮಾತಾಗಿಸಿದ ಲಿಯೋ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು ಅವರು. 1951ರಲ್ಲಿ ತಂದ ಪ್ರಿಸಿಷನ್ ಬೇಸ್‌ಗೆ ಆ ಹೆಸರು ಫ್ರೆಟ್‌ಗಳಿಂದ ಬಂತು: ಬೆರಳು ಇಟ್ಟಲ್ಲಿ ಸ್ವರ ನಿಖರ. ಆದರೆ ಅದೇ ಬೇಸಿನ ಬ್ರಿಜ್‌ನಲ್ಲಿ ನಾಲ್ಕು ತಂತಿಗೆ ಇದ್ದದ್ದು ತಂತಿ ಕೂರುವ ಸ್ಯಾಡಲ್ ಎರಡೇ. ತಂತಿಗೊಂದು ಸ್ಯಾಡಲ್ ಬರಲು 1957ರ ತನಕ ಕಾಯಬೇಕಾಯಿತು. ಹೆಸರಿಗೆ ತಕ್ಕ ನಿಖರತೆ ಆರು ವರ್ಷ ತಡವಾಗಿ ಬಂತು ಅನ್ನಿ. ಅಂದಹಾಗೆ, ಫ್ರೆಟ್ ಇದ್ದ, ಅಡ್ಡ ಹಿಡಿದು ನುಡಿಸುವ ವಿದ್ಯುತ್ ಬೇಸನ್ನು ಸಿಯಾಟಲ್‌ನ ಪಾಲ್ ಟಟ್‌ಮಾರ್ಕ್ 1930ರ ದಶಕದಲ್ಲೇ ಮಾಡಿ ಮಾರಿದ್ದರು. ಕೊಂಡವರು ಕಡಿಮೆ.

ತಂತಿಗೊಂದು ಸ್ಯಾಡಲ್ ಯಾಕೆ ಬೇಕು? ದಪ್ಪ ತಂತಿ ಬಿರುಸು. ಅದು ಸಣ್ಣ ತಂತಿಯಷ್ಟು ಸಲೀಸಾಗಿ ಬಾಗದು, ಒತ್ತಿದಾಗ ಸ್ವರ ಮೇಲೇರುತ್ತದೆ. ಹಾಗಾಗಿ ಅದಕ್ಕೆ ಕೊಂಚ ಹೆಚ್ಚು ಉದ್ದ ಕೊಡಬೇಕು. ಸರಿಯಾಗಿ ಹೊಂದಿಸಿದ ಯಾವ ಬೇಸನ್ನೇ ನೋಡಿ, ಸ್ಯಾಡಲ್‌ಗಳು ಓರೆಯಾಗಿ ನಿಂತಿರುತ್ತವೆ: ಸಣ್ಣ ಜಿ ತಂತಿಯದ್ದು ಮುಂದೆ, ದಪ್ಪ ಇ ತಂತಿಯದ್ದು ಹಿಂದೆ. ಬ್ರಿಜ್ ಜಡಿಯುವವರು ಜಿ ಸ್ಯಾಡಲನ್ನು ಹೆಚ್ಚುಕಡಿಮೆ ಪೂರ್ತಿ ಮುಂದಕ್ಕೆ ತಂದು, ಅದರ ನೆತ್ತಿಯನ್ನು ಬೇಸಿನ ತಂತಿಯುದ್ದ ಸೂಚಿಸುವ 34 ಇಂಚಿನ ಗೆರೆಗೆ ಕೂಡಿಸಿ ಗುರುತು ಹಾಕಿಕೊಳ್ಳುತ್ತಾರೆ. ಆಗ ಉಳಿದ ಮೂರಕ್ಕೂ ಹಿಂದೆ ಸರಿಯಲು ಜಾಗ ಸಿಗುತ್ತದೆ. ಇದನ್ನು ಮರೆತು ಬ್ರಿಜ್‌ನ ಅಂಚನ್ನೇ ಗೆರೆಗೆ ಇಟ್ಟರೆ, ಎಷ್ಟು ತಿರುಗಿಸಿದರೂ ಶ್ರುತಿ ಸೇರದು. ಬ್ರಿಜ್‌ನ ಎತ್ತರ ಗೊತ್ತಿಲ್ಲದೆ ಕುತ್ತಿಗೆ ಕೂರುವ ಗುಂಡಿಯ ಆಳವನ್ನೂ ನಿಶ್ಚಯಿಸಲಾಗದು.

ಭಾರದ ಬ್ರಿಜ್ ಹಾಕಿದರೆ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬ ವಾದಕ್ಕೆ ಕೊನೆಯಿಲ್ಲ. ನನ್ನ ಕೇಳಿದರೆ, ಸ್ಯಾಡಲ್ ಆಚೀಚೆ ಅಲುಗದಿದ್ದರೆ ಅರ್ಧ ಗೆದ್ದಂತೆ.

ಫ್ರೆಟ್ ಕೂರಿಸುವ ಲೆಕ್ಕಕ್ಕೂ ಖಗೋಳ ವಿಜ್ಞಾನಿ ಗೆಲಿಲಿಯೋಗೂ ಮನೆತನದ ಸಂಬಂಧವಿದೆ. ಅವನ ತಂದೆ ವಿನ್ಸೆಂಜೊ ಗೆಲಿಲಿ ಸಂಗೀತಗಾರ. ಪ್ರತಿ ಫ್ರೆಟ್‌ಗೂ ಉಳಿದ ಉದ್ದದ ಹದಿನೆಂಟನೇ ಒಂದು ಪಾಲು ಬಿಡಿ ಎಂಬ ಸೂತ್ರವನ್ನು ಆತ 1581ರ ಗ್ರಂಥದಲ್ಲಿ ಬರೆದ. ಇಂದಿನ ಸಂಖ್ಯೆ 17.817. ವ್ಯತ್ಯಾಸ ಇಷ್ಟೇ ತಾನೇ ಎನ್ನಬೇಡಿ: 34 ಇಂಚಿನ ಬೇಸಿಗೆ ಹಳೇ ಸೂತ್ರ ಹಿಡಿದರೆ 12ನೇ ಫ್ರೆಟ್ ಬೀಳಬೇಕಾದ ನಟ್ಟನಡುವಿನಿಂದ 3 ಮಿ.ಮೀ. ತಪ್ಪುತ್ತದೆ. ನಮ್ಮ ವೀಣೆಯಲ್ಲಿ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಮೇಣ ಕಟ್ಟುವವರು ಕಿವಿಯಿಂದ ಕೇಳಿ ಸರಿಸಬಹುದು. ಬೇಸಿನಲ್ಲಿ ಗರಗಸದ ಸೀಳು ಬಿದ್ದ ಮೇಲೆ ಮುಗಿಯಿತು.

ಆ ಫ್ರೆಟ್ ತಂತಿಯ ಲೋಹದ ಹೆಸರಿನಲ್ಲಿ ಬೆಳ್ಳಿ ಇದೆ, ಒಳಗೆ ಇಲ್ಲ. ತಾಮ್ರ, ನಿಕಲ್, ಸತುವಿನ ಮಿಶ್ರಣ. ನಮ್ಮ ಪೂಜಾ ಸಾಮಾನಿನ ಅಂಗಡಿಯ ಜರ್ಮನ್ ಸಿಲ್ವರ್‌ನ ಬಳಗ.

ಫ್ರೆಟ್‌ಗಳ ಕೆಳಗಿನ ಹಲಗೆಗೆ ಬಂದರೆ, ಊರಿನವರು ಕಿವಿ ನಿಮಿರಿಸುವ ಸಂಗತಿ ಇದೆ. ಜಗತ್ತಿನಾದ್ಯಂತ ಗಿಟಾರು, ಬೇಸುಗಳ ಮೇಲೆ ಕಾಣುವ ‘ಇಂಡಿಯನ್ ರೋಸ್‌ವುಡ್’ ಎಂದರೆ ನಮ್ಮ ಮಲೆನಾಡಿನ, ಕೊಡಗಿನ ಕಾಡುಗಳಲ್ಲೂ ಬೆಳೆಯುವ ಬೀಟೆ. ಮೈಸೂರಿನ ಕೆತ್ತು-ಜೋಡಣೆ ಕಲೆಗೂ ಅದೇ ಮರ. ಬ್ರೆಜಿಲ್‌ನ ರೋಸ್‌ವುಡ್ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಿತ್ತು. 2017ರ ಜನವರಿಯಲ್ಲಿ ಬೀಟೆಯೂ ಸೇರಿ ಆ ಕುಲದ ಉಳಿದೆಲ್ಲ ಮರಗಳೂ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದವಾದ ಸೈಟಿಸ್ ನಿಯಂತ್ರಣಕ್ಕೆ ಬಂದವು. ಒಂದೇ ಹಲಗೆ ಬೀಟೆಯದ್ದಾದರೂ ದೇಶದ ಗಡಿ ದಾಟಿ ಮಾರಲು ಇಡೀ ಬೇಸಿಗೆ ಪರವಾನಗಿ ಕಾಗದ ಬೇಕಾಯಿತು. ಫೆಂಡರ್ ಕಂಪನಿ ಹಲವು ಮಾದರಿಗಳಿಗೆ ದಕ್ಷಿಣ ಅಮೆರಿಕದ ಪಾವ್ ಫೆರೋ ಮರಕ್ಕೆ ಹೊರಳಿತು. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಕೊಯ್ದ ಹಲಗೆಗೆ ಸಿಗಲಿಲ್ಲ. ತೋಟದಲ್ಲಿ ಒಂದು ಬೀಟೆ ಮರ ಇದೆಯಲ್ಲ, ಅದನ್ನೇ ಕಡಿಸಿ ಬೇಸ್ ಮಾಡಿಸೋಣ ಎಂದುಕೊಂಡವರು ಮೊದಲು ಅರಣ್ಯ ಇಲಾಖೆಯ ಬಾಗಿಲು ತಟ್ಟಬೇಕು.

ಫ್ರೆಟ್ ಇಲ್ಲದ ಬೇಸಿಗೂ ದೊಡ್ಡ ಹೆಸರಿದೆ. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ ಫೆಂಡರ್ ಜಾಝ್ ಬೇಸಿನ ಫ್ರೆಟ್ ಇಲ್ಲದ ಹಲಗೆಯನ್ನು ಉಕ್ಕಿನ ತಂತಿ ಉಜ್ಜಿ ಸವೆಸೀತೆಂದು ಅದಕ್ಕೆ ಬಳಿದದ್ದು ದೋಣಿಗೆ ಹಚ್ಚುವ ಎಪಾಕ್ಸಿ.

ಬಿಗಿದು ಶ್ರುತಿಗೆ ತಂದ ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 70–80 ಕಿಲೋ. ಹಗಲೂ ರಾತ್ರಿ ಒಬ್ಬ ದೊಡ್ಡ ಆಳು ಕುತ್ತಿಗೆಗೆ ಜೋತುಬಿದ್ದ ಹಾಗೆ. ಅದಕ್ಕೇ ಒಳಗೊಂದು ಉಕ್ಕಿನ ಸರಳು, ಟ್ರಸ್ ರಾಡ್. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಅಲೆನ್ ಕೀ ತೂರಿಸುವ ಬಾಯಿ ತಲೆಯ ಕಡೆ ಇರಲಿ ಎಂದು ಕಟ್ಟುವವರಿಗೆ ಮೊದಲೇ ಹೇಳಿ. ಕೆಲವು ಹಳೇ ಮಾದರಿಗಳಲ್ಲಿ ಅದನ್ನು ತಿರುಗಿಸಲು ಕುತ್ತಿಗೆಯನ್ನೇ ಬಿಚ್ಚಬೇಕು, ಮಳೆಗಾಲದಲ್ಲಿ ಮರ ಉಬ್ಬಿದಾಗಲೆಲ್ಲ ಯಾರಿಗೆ ಬೇಕು ಆ ಉಸಾಬರಿ?

ಇನ್ನು ಪಿಕಪ್. ಜಾಝ್ ಬೇಸಿನ ಎರಡು ಪಿಕಪ್‌ಗಳು ನೋಡಲು ಒಂದೇ ತರಹ, ಆದರೆ ಸಾಂಪ್ರದಾಯಿಕ ಜೋಡಿಯಲ್ಲಿ ಬ್ರಿಜ್ ಕಡೆಯದ್ದು ಸುಮಾರು 3 ಮಿ.ಮೀ. ಉದ್ದ. ಅಳೆಯದೆ ಎರಡು ಗುಂಡಿಯನ್ನೂ ಒಂದೇ ಅಚ್ಚಿನಲ್ಲಿ ತೋಡಿದರೆ ಒಂದು ಕೂರುತ್ತದೆ, ಇನ್ನೊಂದು ಕೂರದು. ಗುಂಡಿಯ ಜಾಗದ ಬಗ್ಗೆಯೂ ಪಂಥಗಳಿವೆ: 1970ರ ದಶಕದಲ್ಲಿ ಫೆಂಡರ್ ಬ್ರಿಜ್ ಪಿಕಪ್ಪನ್ನು ಸುಮಾರು 10 ಮಿ.ಮೀ. ಹಿಂದಕ್ಕೆ ಸರಿಸಿತು, ಧ್ವನಿ ಚುರುಕಾಯಿತು. ‘ಅರವತ್ತರದ್ದೋ ಎಪ್ಪತ್ತರದ್ದೋ’ ಎಂದು ಕಟ್ಟುವವರು ಕೇಳಿದರೆ ಅದು ಈ 10 ಮಿ.ಮೀ. ವಿಚಾರ.

ಒಂಟಿ ಸುರುಳಿಯ ಪಿಕಪ್ ಗುಂಯ್‌ಗುಡುವುದು ಮನೆಯ ಕರೆಂಟಿನಿಂದ. ಭಾರತದಲ್ಲಿ ಅದು 50 ಹರ್ಟ್ಸ್. ಇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್! ಎಂದರೆ ನಮ್ಮಲ್ಲಿ ಗುಂಯ್ ಶಬ್ದ ಹೆಚ್ಚುಕಡಿಮೆ ಜಿ ಶ್ರುತಿಯಲ್ಲೇ ಇದೆ, ಕೊಂಚ ಮೇಲೆ. ಅಮೆರಿಕದ 60 ಹರ್ಟ್ಸ್ ಯಾವ ಸ್ವರಕ್ಕೂ ಕೂಡದೆ ಎರಡರ ನಡುವೆ ಸಿಕ್ಕಿಕೊಂಡಿದೆ. 1957ರ ಪ್ರಿಸಿಷನ್ ಬೇಸಿನ ಪಿಕಪ್ ಎರಡು ತುಂಡಾದದ್ದರಿಂದ ಈ ಗುಂಯ್‌ಗೆ ಮದ್ದು ಸಿಕ್ಕಿತು: ಒಂದು ತುಂಡಿನ ಸುತ್ತು ಇನ್ನೊಂದಕ್ಕೆ ವಿರುದ್ಧ, ಹೊರಗಿನಿಂದ ಬಂದ ಸದ್ದು ಒಳಗೇ ರದ್ದು.

ತಂತಿ ಮುಟ್ಟಿದ ಕೂಡಲೇ ಗುಂಯ್ ತಗ್ಗುತ್ತದಲ್ಲ, ಅದಕ್ಕೆ ಕಾರಣ ಬ್ರಿಜ್‌ನ ಅಡಿಯಲ್ಲಿ ಅಡಗಿಸಿದ ಒಂದು ಬಡಪಾಯಿ ವೈರು. ತಂತಿಗಳನ್ನು ಅರ್ತ್‌ಗೆ ಕೂಡಿಸುವುದು ಅದು. ಬ್ರಿಜ್ ಬಿಗಿಯುವ ಮೊದಲೇ ಆ ಸಣ್ಣ ತೂತು ಕೊರೆದಿರಬೇಕು.

ಟೋನ್ ಗುಬ್ಬಿಯ ಹಿಂದಿನ ಕೆಪಾಸಿಟರ್ ಸಾಮಾನ್ಯವಾಗಿ 0.047 ಮೈಕ್ರೋಫ್ಯಾರಡ್. ‘ವಿಂಟೇಜ್’ ಹೆಸರಿನಲ್ಲಿ ಅದಕ್ಕೆ ಸಾವಿರಾರು ರೂಪಾಯಿ ತೆರುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವೇ ರೂಪಾಯಿಗೆ ಸಿಗುವುದನ್ನು ಬೆಸುಗೆ ಹಾಕಿ, ಕಣ್ಣು ಮುಚ್ಚಿ ಕೇಳಿ ನೋಡಿ.

ತಂತಿ ಯಾವಾಗ ಬದಲಿಸಬೇಕು? ಅಮೆರಿಕದ ರೆಕಾರ್ಡ್ ಕಂಪನಿ ಮೋಟೌನ್‌ನ ಹಿಟ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ಕಿತ್ತುಹೋಗುವ ತನಕ ಬದಲಿಸುತ್ತಿರಲಿಲ್ಲವಂತೆ. ಅದೂ ನುಣುಪಾದ ಚಪ್ಪಟೆ ಸುತ್ತಿನ ತಂತಿ. ನುಡಿಸಿದ್ದು ಬಹುಮಟ್ಟಿಗೆ ಒಂದೇ ತೋರುಬೆರಳಲ್ಲಿ.

ಐದನೇ ತಂತಿ ಬೇಕೆನ್ನುವವರು ಗಮನಿಸಿ: ಕೆಳಗಿನ ಬಿ ಸ್ವರ 31 ಹರ್ಟ್ಸ್‌ಗೂ ಚೂರು ಕಡಿಮೆ. ಚಿಕ್ಕ ಆಂಪ್ಲಿಫೈಯರುಗಳು ಅದನ್ನು ನೆಟ್ಟಗೆ ಹೊರಡಿಸಲಾರವು. ಒಂದು ಸ್ವರ ಇಳಿದರೆ ಸಾಕು ಎಂದಾದರೆ ಇ ತಂತಿಯ ಬಿರಡೆಗೆ ಸನ್ನೆಕೋಲು ಇರುವ ಹಿಪ್‌ಶಾಟ್ ಸಿಗುತ್ತದೆ. ಹೆಬ್ಬೆರಳಲ್ಲಿ ತಳ್ಳಿದರೆ ಇ ಹೋಗಿ ಡಿ.

ಒಳಗೆ 9 ವೋಲ್ಟ್ ಬ್ಯಾಟರಿ ಇರುವ ‘ಆಕ್ಟಿವ್’ ಬೇಸುಗಳಲ್ಲಿ ಆನ್-ಆಫ್ ಸ್ವಿಚ್ಚು ಹುಡುಕಬೇಡಿ. ಕೇಬಲ್ ಚುಚ್ಚುವ ಜ್ಯಾಕೇ ಸ್ವಿಚ್ಚು: ಚುಚ್ಚಿದರೆ ಆನ್, ಕಿತ್ತರೆ ಆಫ್. ಅದಕ್ಕೆ ಮೂರು ಕಾಲಿನ ಸ್ಟೀರಿಯೊ ಜ್ಯಾಕ್ ಬೇಕು, ಅಂಗಡಿಯವರು ಕೊಡುವ ಎರಡು ಕಾಲಿನದ್ದು ನಡೆಯದು. ಬ್ಯಾಟರಿಗೆ ಹೊರಗಿನಿಂದಲೇ ತೆರೆಯುವ ಡಬ್ಬಿ ಹಾಕಿಸಿ. ಇಲ್ಲವಾದರೆ ಕಾರ್ಯಕ್ರಮದ ನಡುವೆ ಧ್ವನಿ ಕರಕರ ಎಂದಾಗ ಎಂಟು ಸ್ಕ್ರೂ ಬಿಚ್ಚಬೇಕಾಗುತ್ತದೆ, ಡ್ರಮ್ಮಿನವನು ಅಲ್ಲಿಯತನಕ ಒಬ್ಬನೇ ಬಾರಿಸುತ್ತಿರಬೇಕು.